ಎರಡನೇ ಸಾಲು, ಐದನೇ ಕುರ್ಚಿ

ಅಕ್ಟೋಬರ್ 12, ರಾತ್ರಿ ಹನ್ನೊಂದೂವರೆ

ಅತ್ತೆ,

ಕೊನೇ ಬಸ್ಸು ನನ್ನ ಕಣ್ಣೆದುರೇ ಹೊರಟುಹೋಯ್ತು. ರೂಮಿಗೆ ನಲವತ್ತು ನಿಮಿಷದ ನಡಿಗೆ. ಫೋನಿಗೆ ಮಾತಾಡ್ಕೊಂಡು ಹೋಗ್ತಿದೀನಿ, ಅದು ಬರ್ಕೊಳ್ಳುತ್ತೆ. ದನಿ ಕಳಿಸಿದ್ರೆ ನೀವು ಕೇಳಲ್ಲ, "ಫೋನಲ್ಲಿ ಎಲ್ಲರಿಗೂ ನೆಗಡಿ" ಅಂತೀರಿ. ಅದಕ್ಕೇ ಓದ್ಕೊಳ್ಳಿ.

ಕೆಲಸ ಹೇಗಿದೆ ಅಂತ ಕೇಳಿದ್ರಲ್ಲ. ಐದು ವಾರ ಆಯ್ತು, ಇನ್ನೂ ಬಿಟ್ಟಿಲ್ಲ. ನಗಬೇಡಿ. ಮೂರು ವರ್ಷದಲ್ಲಿ ನಾಲ್ಕನೇ ಊರು ಅಂತ ನಂಗೂ ಗೊತ್ತು. ನೀವು ಇಟ್ಟ ಹೆಸರು ಸುಳ್ಳಾಗಬಾರದಲ್ಲ, ಬುಗುರಿ ನಿಂತ್ರೆ ಬಿದ್ದೇ ಹೋಗುತ್ತೆ.

ಇಲ್ಲಿ ನಾನು ಕುರ್ಚಿಯವನು. ಈ ಸಂಗೀತ ಸಭಾಂಗಣದಲ್ಲಿ ಆರ್ಕೆಸ್ಟ್ರಾ ಬರೋಕೆ ಮುಂಚೆ ತೊಂಬತ್ತಾರು ಕುರ್ಚಿ, ಸ್ವರದ ಹಾಳೆ ಇಡೋಕೆ ಅಷ್ಟೇ ಸ್ಟ್ಯಾಂಡು, ಹಿಂದೆ ಹಾಡೋ ವೃಂದಕ್ಕೆ ಐದು ಹಂತದ ಹಲಗೆ ಮೆಟ್ಟಿಲು ಹಾಕಬೇಕು. ನೆಲದಲ್ಲಿ ಬಣ್ಣದ ಟೇಪಿನ ಗುರುತು ಇರುತ್ತೆ. ಪಿಟೀಲಿನವರದ್ದು ಹಳದಿ, ತುತ್ತೂರಿಯವರದ್ದು ಕೆಂಪು. ಒಬ್ಬರು ಪಿಟೀಲಿನವರು ದಿನಾ ಬಂದು ಕುರ್ಚಿನ ಎರಡು ಬೆರಳು ಎಡಕ್ಕೆ ಸರಿಸ್ತಾರೆ. ಇವತ್ತು ನಾನೇ ಎರಡು ಬೆರಳು ಎಡಕ್ಕಿಟ್ಟೆ. ಬಂದು ನೋಡಿ ಎರಡು ಬೆರಳು ಬಲಕ್ಕೆ ಸರಿಸಿದ್ರು.

ಕಛೇರಿ ಶುರುವಾದ ಮೇಲೆ ನಂಗೆ ಬಿಡುವು. ಬಾಲ್ಕನಿಯ ಮೂರನೇ ಸಾಲಲ್ಲಿ ಒಂದು ಸೀಟು ಯಾವಾಗ್ಲೂ ಖಾಲಿ ಇರುತ್ತೆ, ಕೂತು ಕೇಳ್ತೀನಿ. ಇವತ್ತಂತೂ ನಗಾರಿ ಶುರುವಾದಾಗ ಎದೆಗೂಡೇ ಅದುರಿತು. ಆಮೇಲೆ ಆಳೆತ್ತರದ ಪಿಟೀಲುಗಳು ಗುಂಯ್ ಅಂತ ನೆಲದ ಮೇಲೇ ಹರ್ಕೊಂಡು ಬಂದ್ವು.

ಈಗ ಮುಖ್ಯ ವಿಷಯ. ಮಾರ್ಚ್ 22ಕ್ಕೆ ನಿಮ್ಮ ವೃಂದ ಆ ದೊಡ್ಡ ಕೃತಿ ಹಾಡುತ್ತೆ ಅಂದ್ರಲ್ಲ, ಅದಕ್ಕೆ ರಜೆ ಸಿಕ್ಕಿದೆ. ಮುಂದಿನ ಸಾಲಲ್ಲಿ ಕೂರೋಕೆ ಟಿಕೆಟ್ಟೂ ತಗೊಂಡಾಯ್ತು. ಯೋಚನೆ ಮಾಡಿ ಅತ್ತೆ. ಅಪ್ಪ ಅಮ್ಮ ಹಡಗಿನ ಅಡುಗೆಮನೆ ಕೆಲಸಕ್ಕೆ ಹೋದಾಗ ನನ್ನನ್ನ ನಿಮ್ಮ ಹತ್ರ ಬಿಟ್ರು. ಒಂಬತ್ತು ವರ್ಷ ನಿಮ್ಮನೇಲಿದ್ದೆ. ಚಿಕ್ಕವನಾಗಿದ್ದಾಗ ನಿಮ್ಮ ತಾಲೀಮಿನಲ್ಲಿ ಎಲ್ಲರ ಕೋಟಿನ ರಾಶಿ ಮೇಲೆ ಮಲಗಿಬಿಡ್ತಿದ್ದೆ. ದೊಡ್ಡವನಾದ ಮೇಲೆ ತಪ್ಪಿಸ್ಕೊಂಡು ಓಡ್ತಿದ್ದೆ. ಒಂದೇ ಒಂದು ಸಲಾನೂ ನೀವು ಹಾಡೋದನ್ನ ಕೂತು ಕೇಳಿಲ್ಲ. ಬೇರೆಯವರಿಗೆಲ್ಲ ಕುರ್ಚಿ ಹಾಕ್ತೀನಿ, ನಮ್ಮತ್ತೆ ಹಾಡು ಹೇಗಿರುತ್ತೆ ಅಂತ ಕೇಳಿದ್ರೆ ಗೊತ್ತಿಲ್ಲ ಅನ್ಬೇಕು. ಈ ಸಲ ನಿಮ್ಮನ್ನ ಕೇಳೋಕೇ ಬರ್ತೀನಿ.

ಯಾವ ಸಾಲು, ಯಾವ ಕುರ್ಚಿ ಹೇಳಿ. ಆ ಕಡೇನೇ ನೋಡ್ತಾ ಇರ್ತೀನಿ.

ನಿಮ್ಮ ಬುಗುರಿ


ಅಕ್ಟೋಬರ್ 26

ಪ್ರೀತಿಯ ಬುಗುರಿ,

ನಿನ್ನ ಪತ್ರವನ್ನು ಹೊಲಿಗೆ ಮೆಷಿನ್ನಿನ ಮೇಲೆ ಇಟ್ಟುಕೊಂಡು ಓದಿದೆ. ಒಂದು ಪ್ಯಾಂಟಿನ ಕಾಲು ಎರಡು ಇಂಚು ಹೆಚ್ಚಿಗೆ ಮಡಚಿಬಿಟ್ಟೆ. ಅದರ ಯಜಮಾನರು ಬೈದರೆ ನಿನ್ನ ವಿಳಾಸ ಕೊಡುತ್ತೇನೆ. ಎಂದಿನಂತೆ ಕಾಗದದಲ್ಲಿ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ, ಸೊಟ್ಟಗಿದ್ದರೆ ಕತ್ತು ಸೊಟ್ಟ ಮಾಡಿಕೊಂಡು ಓದು.

ಎರಡನೇ ಸಾಲು, ಎಡದಿಂದ ಐದನೇ ಕುರ್ಚಿ. ಹೆಂಗಸರ ಕೆಳದನಿಗೆ ನಮ್ಮಲ್ಲಿ ಆಲ್ಟೊ ಅನ್ನುತ್ತಾರೆ, ನಾವು ಇಪ್ಪತ್ತೆರಡು ಜನ. ಮೂವತ್ತೊಂದು ವರ್ಷದಿಂದ ಅದೇ ಕುರ್ಚಿ. ಬಲಗಡೆ ಚಷ್ಮಾ ಅಂಗಡಿಯವಳು, ನಿನಗೆ ನೆನಪಿರಬೇಕು. ಹತ್ತೊಂಬತ್ತು ವರ್ಷದಿಂದ ನನ್ನ ಬಲಗಿವಿಯೊಳಗೇ ಹಾಡುತ್ತಾಳೆ. ಪ್ರತಿ ಸಾಲಿನ ಕೊನೆಗೆ ಒಂದು ಕೂದಲೆಳೆ ಕೆಳಗಿಳಿಯುತ್ತಾಳೆ, ನಾನು ಮೊಣಕೈಯಿಂದ ತಿವಿದರೆ ಮೇಲೆ ಬರುತ್ತಾಳೆ. ಎಡಗಡೆಯವಳು ಗಂಟಲಿಗೆಂದು ಪೆಪ್ಪರ್‌ಮಿಂಟ್ ಬಿಚ್ಚುತ್ತಲೇ ಇರುತ್ತಾಳೆ. ಮೊನ್ನೆಯ ತಾಲೀಮಿನಲ್ಲಿ ನನಗೆ ಕೇಳಿಸಿದ್ದು ಇವಳ ಕಾಗದದ ಪರಪರ, ಅವಳ ಇಳಿದನಿ, ಇಷ್ಟೇ.

ಈ ಕೃತಿ ತೀರಿಕೊಂಡವರಿಗೆ ಶಾಂತಿ ಕೋರುವಂಥದ್ದು. ಏಳು ಭಾಗ, ಒಂದು ಗಂಟೆಗಿಂತ ಮೇಲೆ. ಮೊದಲ ಭಾಗ ವಾದ್ಯಗಳದ್ದೇ, ನಾವು ಬಾಯಿ ಮುಚ್ಚಿ ಕೂತಿರಬೇಕು. ಅದೇ ಎಲ್ಲಕ್ಕಿಂತ ಕಷ್ಟ.

ನವೆಂಬರ್ ಒಂಬತ್ತಕ್ಕೆ ದನಿಪರೀಕ್ಷೆ. ಅರವತ್ತು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಇರುತ್ತದೆ. ಕೋಲಿನಾಕೆ, ಅಂದರೆ ಕೋಲು ಹಿಡಿದು ನಮ್ಮನ್ನೆಲ್ಲ ನಡೆಸುವ ನಮ್ಮ ಮೇಡಂ, ಪಿಯಾನೊ ಪಕ್ಕ ನಿಲ್ಲಿಸಿ ಒಂದು ನಾಲ್ಕು ಸ್ವರ ಹಾಡಿಸುತ್ತಾರೆ. ಹೋದ ಸಲ ನನ್ನದು ಮೂರು ನಿಮಿಷದಲ್ಲಿ ಮುಗಿದಿತ್ತು. ಅಂಗಡಿಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಗಿರಾಕಿಗಳು ಅಳತೆ ಕೊಡಲು ಹೆದರುತ್ತಿದ್ದಾರೆ.

ನೀನು ಬರುತ್ತೀಯೆಂದು ಚಷ್ಮಾ ಅಂಗಡಿಯವಳಿಗೆ ಹೇಳಿದೆ. "ಅವನು ಬರೋ ಹೊತ್ತಿಗೆ ಇನ್ನೆರಡು ಊರು ಬದಲಾಯಿಸಿರ್ತಾನೆ" ಅಂದಳು. ಅವಳ ಬಾಯಿ ಮುಚ್ಚಿಸು.

ನಿನ್ನ ಅತ್ತೆ


ನವೆಂಬರ್ 17, ಬೆಳಗಿನ ಜಾವ

ಅತ್ತೆ,

ದನಿಪರೀಕ್ಷೆ ಆಗಿ ಎಂಟು ದಿನ ಆಯ್ತು, ಸುದ್ದಿಯೇ ಇಲ್ಲ. ಫೇಲಾದವರು ತಾನೇ ಸುದ್ದಿ ಹೇಳೋಕೆ ಹೆದರೋದು, ನಿಮಗೇನು. ಅಂಗಡಿ ಕೆಲಸ ಜಾಸ್ತಿ ಇರಬೇಕು ಅಂದ್ಕೊಂಡೆ.

ನಂದು ಇನ್ನೂ ಅದೇ ಊರು. ಚಷ್ಮಾ ಅಂಗಡಿಯವರಿಗೆ ಹೇಳಿ. ನಿನ್ನೆ ರಾತ್ರಿ ಕಛೇರಿ ಮುಗಿಯೋದೇ ಹನ್ನೊಂದಾಯ್ತು, ಆಮೇಲೆ ಮೆಟ್ಟಿಲೆಲ್ಲ ಬಿಚ್ಚಿ ಗೋಡೆಗೊರಗಿಸಿ ಈಗ ಹೊರಟೆ. ಸೊಂಟ ನನ್ನದಲ್ಲ. ಹಾಡು ಚೆನ್ನಾಗಿತ್ತು. ನಗಾರಿಯವರು ಆ ಕೊನೇ ಹೊಡೆತ ಕೊಟ್ಟು ಚರ್ಮದ ಮೇಲೆ ಅಂಗೈ ಇಟ್ಟು ಸದ್ದನ್ನ ಹಿಡಿದುಬಿಟ್ರು ನೋಡಿ, ಓಡಿಹೋಗ್ತಿರೋ ಕೋಳಿ ಹಿಡಿದ ಹಾಗೆ.

ಮೇಲ್ವಿಚಾರಕರು ಕೇಳಿದ್ರು, ಮುಂದಿನ ವರ್ಷಾನೂ ಇರ್ತೀಯಾ ಅಂತ. ನೋಡೋಣ ಅಂದೆ. ಬೇಗ ಬರೀರಿ.

ಬುಗುರಿ


ಡಿಸೆಂಬರ್ 1

ಪ್ರೀತಿಯ ಬುಗುರಿ,

ತಡವಾಯಿತು, ಬೈಯಬೇಡ. ವರ್ಷದ ಕೊನೆ, ಎಲ್ಲರಿಗೂ ಕೋಟಿನ ಜಿಪ್ಪು ಈಗಲೇ ಕಿತ್ತುಹೋಗುತ್ತದೆ.

ಪರೀಕ್ಷೆ ಮುಗಿಯಿತು. ಮೇಡಂ ತುಂಬ ಮರ್ಯಾದೆಯಿಂದ ಮಾತಾಡಿದರು.

ತಾಲೀಮು ಚೆನ್ನಾಗಿ ನಡೆಯುತ್ತಿದೆ. ಎರಡನೇ ಭಾಗದ ವಿಷಯ ನಿನಗೆ ಹೇಳಲೇಬೇಕು. ಮೊದಲು ಗಂಡಸರ ಕೆಳದನಿ ಏಳುತ್ತದೆ, ಏಳುತ್ತದೆ ಎಂದು ಗೊತ್ತೇ ಆಗುವುದಿಲ್ಲ. ಕೋಣೆಯಲ್ಲಿ ಯಾರೋ ದೀಪ ದೊಡ್ಡದು ಮಾಡಿದ ಹಾಗೆ. ಅದಕ್ಕೆ ಗಂಡಸರ ಮೇಲ್ದನಿ ಸೇರುತ್ತದೆ. ಅದರ ಮೇಲೆ ಆಲ್ಟೊ ಬರುತ್ತದೆ, ಕೋಟಿನ ಒಳಗಿನ ಲೈನಿಂಗ್ ಬಟ್ಟೆಯ ಹಾಗೆ. ಕಾಣುವುದಿಲ್ಲ, ಆದರೆ ಅದಿಲ್ಲದಿದ್ದರೆ ಕೋಟು ಜೋಲುತ್ತದೆ. ಆಮೇಲೆ ಮೇಲ್ದನಿಯ ಹೆಂಗಸರು ಎಲ್ಲೋ ಸೂರಿನ ಹತ್ತಿರ ಒಂದೇ ಎಳೆ ಎಳೆಯುತ್ತಾರೆ. ನಾಲ್ಕೂ ಒಂದು ಕಡೆ ಸೇರಿದಾಗ ಎಲ್ಲಿ ಹೊಲಿಗೆ ಬಿದ್ದಿದೆ ಎಂದು ನನ್ನ ಕಣ್ಣಿಗೂ ಸಿಗಲಿಲ್ಲ. ಇಷ್ಟು ವರ್ಷ ಹೊಲಿದವಳು ನಾನು.

ಮನೆಗೆ ಬಂದ ಮೇಲೂ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಬೆಚ್ಚಗಿರು. ಸೊಂಟಕ್ಕೆ ಬಿಸಿನೀರಿನ ಚೀಲ ಇಡು.

ನಿನ್ನ ಅತ್ತೆ


ಡಿಸೆಂಬರ್ 14, ರಾತ್ರಿ

ಅತ್ತೆ,

ನಿಮ್ಮ ಪತ್ರ ಮೂರು ಸಲ ಓದಿದೆ. ಲೈನಿಂಗ್ ಬಟ್ಟೆಯ ಮಾತನ್ನ ಮೇಲ್ವಿಚಾರಕರಿಗೂ ಓದಿ ಹೇಳಿದೆ. ಅವರು "ನಿಮ್ಮತ್ತೆ ಪತ್ರಿಕೆಗೆ ಬರೀತಾರಾ" ಅಂತ ಕೇಳಿದ್ರು. ಇಲ್ಲ ಸಾರ್, ಪ್ಯಾಂಟು ಮಡಚ್ತಾರೆ ಅಂದೆ.

ಪರೀಕ್ಷೆ ಪಾಸಾಗಿದ್ದಕ್ಕೆ ಖುಷಿ. ಮರ್ಯಾದೆಯಿಂದ ಮಾತಾಡದೆ ಇನ್ನೇನು ಮಾಡ್ತಾರೆ, ಮೂವತ್ತೊಂದು ವರ್ಷ. ಚಷ್ಮಾ ಅಂಗಡಿಯವರು ಇನ್ನೂ ಇಳೀತಾರಾ ಕೊನೇಲಿ? ಮೊಣಕೈ ನೋಯಿಸ್ಕೋಬೇಡಿ.

ಇನ್ನು ತೊಂಬತ್ತೆಂಟು ದಿನ. ಲೆಕ್ಕ ಹಾಕ್ತಿದೀನಿ.

ಬುಗುರಿ


ಜನವರಿ 6

ಪ್ರೀತಿಯ ಬುಗುರಿ,

ಚಷ್ಮಾ ಅಂಗಡಿಯವಳು ಈಗ ಇಳಿಯುವುದಿಲ್ಲ. ತಾನೇ ತಿದ್ದಿಕೊಂಡಿದ್ದಾಳೆ.

ಒಂದು ವಿಷಯ ಯೋಚಿಸಿದೆ. ಮಾರ್ಚಿನಲ್ಲಿ ನೀನು ಇಷ್ಟು ದೂರ ಬರುವುದು ಯಾಕೆ? ಹೊಸ ಕೆಲಸ, ಈಗಲೇ ರಜೆ ಹಾಕಿದರೆ ಚೆನ್ನಾಗಿರುವುದಿಲ್ಲ. ಹನ್ನೆರಡು ಗಂಟೆ ರೈಲು. ನಮ್ಮದು ಊರಿನವರ ವೃಂದ, ನೀನು ಅಲ್ಲಿ ದಿನಾ ಕೇಳುವವರ ಮುಂದೆ ನಾವು ಏನು? ಬೇಸಿಗೆಯಲ್ಲಿ ಬಾ. ಆರಾಮಾಗಿ ನಾಲ್ಕು ದಿನ ಇರು, ನಿನ್ನ ಎಲ್ಲ ಅಂಗಿಗೂ ಗುಂಡಿ ಹಾಕಿಕೊಡುತ್ತೇನೆ. ಟಿಕೆಟ್ಟು ಯಾರಿಗಾದರೂ ಕೊಟ್ಟುಬಿಡು.

ಮೇಲ್ವಿಚಾರಕರಿಗೆ ಇರುತ್ತೇನೆ ಎಂದು ಹೇಳಿದೆಯಾ? ನೋಡೋಣ ಅನ್ನುವುದು ಉತ್ತರವಲ್ಲ.

ನಿನ್ನ ಅತ್ತೆ


ಜನವರಿ 11, ರಾತ್ರಿ

ಅತ್ತೆ,

ನಿಮ್ಮ ಪತ್ರ ಬಂದು ಐದು ದಿನ ಆಯ್ತು, ಉತ್ತರ ಕೊಡೋಕೆ ಮನಸ್ಸು ಬರಲಿಲ್ಲ.

ನೇರವಾಗಿ ಹೇಳಿ. ನಾನು ಬರೋದು ನಿಮಗೆ ಬೇಡ. ಯಾಕೆ ಅಂತಾನೂ ಗೊತ್ತು. ಓದು ಅರ್ಧಕ್ಕೆ ಬಿಟ್ಟೆ, ಊರೂರು ಸುತ್ತಿದೆ, ಈಗ ಕುರ್ಚಿ ಹೊರ್ತಿದೀನಿ. ನಿಮ್ಮ ಜೊತೆ ಹಾಡೋರೆಲ್ಲ ಡಾಕ್ಟ್ರು, ಮೇಷ್ಟ್ರು. "ಇವನೇ ನಮ್ಮ ಹುಡುಗ" ಅಂತ ತೋರಿಸೋಕೆ ಒಂಥರಾ ಆಗುತ್ತೆ. ಆಗಲಿ, ತಪ್ಪೇನಿಲ್ಲ. ಆದ್ರೆ ರೈಲು ದೂರ, ರಜೆ ಕಷ್ಟ ಅಂತ ಸುತ್ತಿಬಳಸಿ ಹೇಳಬೇಡಿ.

ಟಿಕೆಟ್ಟು ಯಾರಿಗೂ ಕೊಡಲ್ಲ. ಬರ್ತೀನೋ ಇಲ್ವೋ ಗೊತ್ತಿಲ್ಲ.


ಜನವರಿ 15

ಬುಗುರಿ,

ನೀನು ಬರೆದದ್ದರಲ್ಲಿ ಒಂದಕ್ಷರವೂ ನಿಜವಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಈಗ ಆಗುತ್ತಿಲ್ಲ. ಊಟ ಬಿಡಬೇಡ.

ಅತ್ತೆ


ಫೆಬ್ರವರಿ 9, ರಾತ್ರಿ ಒಂದು ಗಂಟೆ

ಅತ್ತೆ,

ಕೋಪ ಇಳೀತು. ಇಳಿದಿದ್ದು ಹೇಗೆ ಅಂತ ಹೇಳ್ತೀನಿ, ಪೂರ್ತಿ ಓದಿ.

ಇವತ್ತು ಮಧ್ಯಾಹ್ನ ನಮ್ಮಲ್ಲೂ ಒಂದು ದೊಡ್ಡ ವೃಂದದ ತಾಲೀಮು ಇತ್ತು. ನೂರಿಪ್ಪತ್ತು ಜನ. ಎರಡನೇ ಹಂತದ ಹಲಗೆ ಕಿರ್ ಅಂತಿದೆ ಅಂತ ದೂರು ಬಂತು. ಸ್ಪ್ಯಾನರ್ ಹಿಡ್ಕೊಂಡು ಮೆಟ್ಟಿಲ ಕೆಳಗೆ ತೂರಿದೆ, ಬೆನ್ನ ಮೇಲೆ ಮಲಗಿ ಬೋಲ್ಟು ಬಿಗೀತಿದ್ದೆ. ಅಷ್ಟರಲ್ಲಿ ಕೋಲು ಮೇಲೆದ್ದುಬಿಡ್ತು. ಕೋಲು ಮೇಲಿದ್ದಾಗ ವೇದಿಕೆ ಮೇಲೆ ಯಾರೂ ಅಲ್ಲಾಡೋ ಹಾಗಿಲ್ಲ, ನಮ್ಮಲ್ಲಿ ಅದೊಂದು ಕಟ್ಟುನಿಟ್ಟು. ನಲವತ್ತು ನಿಮಿಷ ನಾನು ಅಲ್ಲೇ ಮಲಗಿದ್ದೆ. ಮೂಗಿನ ಮೇಲೆ ಒಂದು ಗೇಣು ದೂರದಲ್ಲಿ ಹಲಗೆ, ಹಲಗೆ ಮೇಲೆ ಆಲ್ಟೊಗಳ ಚಪ್ಪಲಿ.

ಸರಿ, ಒಳಗಿನಿಂದಾನೇ ಕೇಳಿಬಿಡೋಣ, ಅತ್ತೆ ಬರೆದಿದ್ದೆಲ್ಲ ನಂಗೂ ಕೇಳುತ್ತೆ ಅಂದ್ಕೊಂಡೆ. ಏನು ಕೇಳಿಸ್ತು ಗೊತ್ತಾ? ನನ್ನ ತಲೆ ಮೇಲಿದ್ದ ಒಬ್ಬರು ಅಜ್ಜಿಯ ದನಿ. ಅವರ ಪಕ್ಕದವರು ಪುಟ ತಿರುಗಿಸಿದ್ದು. ಯಾರದ್ದೋ ಹೊಟ್ಟೆ ಗುರ್ ಅಂದಿದ್ದು. ಗಂಡಸರ ದನಿ ಹಿಂದಿನ ಗೋಡೆಯಿಂದ ಬಂದ ಗದ್ದಲ. ಮೇಲ್ದನಿಯವರು ಇದ್ದಾರೋ ಇಲ್ವೋ ಗೊತ್ತಾಗ್ಲಿಲ್ಲ. ನಾಲ್ಕು ದನಿ ಎಲ್ಲೂ ಸೇರ್ಲೇ ಇಲ್ಲ.

ಮುಗಿದ ಮೇಲೆ ಧೂಳು ಕೊಡವಿಕೊಂಡು ಹೊರಗೆ ಬಂದೆ. ಆ ಅಜ್ಜಿ ಬೆಚ್ಚಿಬಿದ್ರು. ಹೇಗಿತ್ತು ಅಜ್ಜಿ ಹಾಡು ಅಂತ ಕೇಳಿದೆ. "ಯಾರಿಗೆ ಗೊತ್ತಪ್ಪ, ನಾವು ಹಾಡ್ತಿದ್ವಿ" ಅಂದ್ರು.

ರೂಮಿಗೆ ಬಂದು ನಿಮ್ಮ ಪತ್ರಗಳನ್ನೆಲ್ಲ ಮತ್ತೆ ಓದಿದೆ. ಅಕ್ಟೋಬರಲ್ಲಿ ನಿಮಗೆ ಕೇಳಿಸಿದ್ದು ಪಕ್ಕದವರ ಕಾಗದದ ಪರಪರ, ಡಿಸೆಂಬರಲ್ಲಿ ನಾಲ್ಕೂ ದನಿ ಒಟ್ಟಿಗೆ.

ನಾನು ಏನೂ ಕೇಳ್ತಿಲ್ಲ ಅತ್ತೆ. ನನ್ನದೊಂದು ಸುಳ್ಳಿದೆ, ಅದನ್ನ ಹೇಳಿಬಿಡ್ತೀನಿ. ನಾನು ಒಂದು ಕಛೇರೀನೂ ಬಾಲ್ಕನೀಲಿ ಕೂತು ಕೇಳಿಲ್ಲ. ಬಾಲ್ಕನೀಲಿ ಖಾಲಿ ಸೀಟು ಇರುತ್ತೆ ಅನ್ನೋದೇ ಸುಳ್ಳು, ಇದ್ರೂ ನಮ್ಮನ್ನ ಬಿಡಲ್ಲ. ನಾವು ವೇದಿಕೆಯ ಪಕ್ಕದ ಬಾಗಿಲ ಹಿಂದೆ ನಿಂತಿರ್ತೀವಿ. ಪಿಯಾನೊ ತಳ್ಳಬೇಕು ಅಂದ್ರೆ ಕರೀತಾರೆ. ಇಲ್ಲಾಂದ್ರೆ ಎರಡು ಗಂಟೆ ಗೋಡೆ ನೋಡ್ಕೊಂಡು ನಿಲ್ಲೋದು. ನಿಮಗೆ ಚೆನ್ನಾಗಿದೀನಿ ಅಂತ ತೋರಿಸ್ಕೊಳ್ಳೋಕೆ ಹಾಗೆ ಬರೆದೆ. ಈ ಊರಲ್ಲಿ ಕೂತು ಸಂಗೀತ ಕೇಳೋ ಮನುಷ್ಯ ಆಗಿದೀನಿ ಅಂತ.

ಅಷ್ಟೇ. ಈಗ ನಿದ್ದೆ ಬರುತ್ತೆ.

ನಿಮ್ಮ ಬುಗುರಿ


ಫೆಬ್ರವರಿ 15

ನನ್ನ ಬುಗುರಿ,

ಬಾಗಿಲ ಹಿಂದೆ ನಿಂತಿರುತ್ತೀಯೆಂದು ನನಗೆ ಅಕ್ಟೋಬರಿನಲ್ಲೇ ಗೊತ್ತಿತ್ತು. ಬಾಲ್ಕನಿಯಲ್ಲಿ ಕೂತವರು ಪಿಟೀಲಿನ ಮಾತು ಮೊದಲು ಆಡುತ್ತಾರೆ. ಕಛೇರಿಯ ಮಾತು ಬಂದಾಗಲೆಲ್ಲ ನಿನ್ನದು ನಗಾರಿ. ನಗಾರಿಯವರ ಪಕ್ಕದಲ್ಲೇ ಇರುವುದು ಸಾಮಾನು ಸಾಗಿಸುವ ಬಾಗಿಲು, ಎಲ್ಲ ಊರಿನಲ್ಲೂ. ಹೇಳಿದರೆ ನೊಂದುಕೊಳ್ಳುತ್ತೀಯೆಂದು ಸುಮ್ಮನಿದ್ದೆ. ನೋಡು, ನನ್ನ ಗುಟ್ಟು ನಾನು ಬಚ್ಚಿಟ್ಟುಕೊಂಡು ನಿನ್ನ ಗುಟ್ಟನ್ನೂ ಕಾಯುತ್ತಿದ್ದೆ.

ಪರೀಕ್ಷೆಯಲ್ಲಿ ಮೇಡಂ ಒಂದೇ ಸ್ವರ ಕೊಟ್ಟು, ಹನ್ನೆರಡು ಎಣಿಸುವ ತನಕ ಹಿಡಿಯಿರಿ ಅಂದರು. ಏಳಕ್ಕೆ ನನ್ನ ದನಿ ಅಲುಗಾಡಿತು. ನೀರು ಕುಡಿದು ಮತ್ತೆ ಹಿಡಿದೆ, ಆರಕ್ಕೆ ಅಲುಗಾಡಿತು. ಮೂರನೆಯ ಸಲ ಅವರೇ ಬೇಡ ಅಂದರು. ಪಿಯಾನೊ ಮುಚ್ಚಳ ಮುಚ್ಚಿ ನನ್ನ ಕೈ ಹಿಡಿದುಕೊಂಡರು. "ನೀವಿಲ್ಲದೆ ಈ ವೃಂದ ಇಲ್ಲ. ಬಾಗಿಲ ಹತ್ತಿರ ನೀವೇ ಇರಬೇಕು, ಹಾಜರಿ ನೀವೇ ನೋಡ್ಕೋಬೇಕು" ಅಂದರು. ಮರ್ಯಾದೆ ಕೊಟ್ಟು ಹೊರಗೆ ಹಾಕುವುದನ್ನು ಅವರಿಂದ ಕಲಿಯಬೇಕು. ತಪ್ಪು ಅವರದಲ್ಲ. ಇಪ್ಪತ್ತೆರಡು ಜನರಲ್ಲಿ ಒಬ್ಬರ ದನಿ ನಡುಗಿದರೆ ಎಲ್ಲರದ್ದೂ ನಡುಗಿದ ಹಾಗೆ ಕೇಳುತ್ತದೆ.

ಆಗುವುದಿಲ್ಲ ಅನ್ನಬೇಕೆಂದಿದ್ದೆ. ತಾಲೀಮಿನ ದಿನ, ಮಂಗಳವಾರ ಸಂಜೆ ಆರಕ್ಕೆ, ಕಾಲು ತಾನೇ ಅತ್ತ ಹೋಯಿತು. ಬಾಗಿಲಲ್ಲಿ ಹಾಜರಿ ಹಾಕಿ, ಕೋಟುಗಳನ್ನು ಎಣಿಸಿ, ಕೊನೆಯ ಸಾಲಿನಲ್ಲಿ ರಿಜಿಸ್ಟರ್ ತೊಡೆಯ ಮೇಲಿಟ್ಟುಕೊಂಡು ಕೂತೆ. ಅವರು ಶುರು ಮಾಡಿದರು. ಬುಗುರಿ, ಮೂವತ್ತೊಂದು ವರ್ಷ ನಾನು ಅದರೊಳಗಿದ್ದೆ, ಅದು ಹೀಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಡಿಸೆಂಬರಿನಲ್ಲಿ ನಿನಗೆ ಬರೆದದ್ದರಲ್ಲಿ ಅದೊಂದು ಮಾತ್ರ ಸುಳ್ಳಲ್ಲ. ಸುಳ್ಳು ಹೇಳಬೇಕೆಂದು ಕೂತು ಬರೆದೆ, ಆ ಹಾಡು ನಿಜ ಬರೆಸಿತು.

ಐದನೇ ಕುರ್ಚಿಗೆ ಬ್ಯಾಂಕಿನ ಹುಡುಗಿಯೊಬ್ಬಳು ಬಂದಿದ್ದಾಳೆ. ವೃಂದದ ಕಪ್ಪು ಗೌನುಗಳನ್ನೆಲ್ಲ ನಾನೇ ಸರಿಮಾಡಿ ಕೊಡುವವಳಲ್ಲವೇ, ಅವಳದನ್ನೂ ತಂದಳು. ಅಂಚಿಗೆ ಪಿನ್ನು ಚುಚ್ಚುವಾಗ ಅವಳು ಮೇಲೆ ಗುನುಗುತ್ತಿದ್ದಳು. ಶ್ರುತಿ ಸರಿಯಾಗಿತ್ತು. ಒಂದಿಷ್ಟು ತಪ್ಪಬಾರದಿತ್ತೇ ಅನ್ನಿಸಿತು, ಆಮೇಲೆ ನಾಚಿಕೆಯಾಯಿತು. ಹೊಲಿಗೆ ಎರಡು ಸುತ್ತು ಹಾಕಿಕೊಟ್ಟೆ.

ನೀನು ಬರಬೇಡ ಅಂದದ್ದು ಇದಕ್ಕೆ. ನನ್ನನ್ನು ಕೇಳಲು ಹನ್ನೆರಡು ಗಂಟೆ ರೈಲಿನಲ್ಲಿ ಬರುವವನಿಗೆ ಬಾಗಿಲಲ್ಲಿ ನಿಂತು ಕಾರ್ಯಕ್ರಮದ ಹಾಳೆ ಕೊಡುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ನಿನ್ನ ಕೆಲಸಕ್ಕೆ ನಾಚಿಕೆಪಟ್ಟೆ ಎಂದು ನೀನು ತಿಳಿದುಕೊಂಡದ್ದು ನನ್ನನ್ನು ಎಷ್ಟು ಸುಟ್ಟಿತೆಂದರೆ, ಹೇಳಲಾರೆ.

ಈಗ ಬಾ. ಮನೆಗೆ ಬಾ. ಆದರೆ ಆ ದಿನ ನಾನು ಹಾಳೆ ಹಂಚಿ, ಬಾಗಿಲು ಹಾಕಿದ ಕೂಡಲೇ ಮನೆಗೆ ಹೊರಟುಬಿಡುತ್ತೇನೆ. ತಾಲೀಮಿನ ಮಾತು ಬೇರೆ. ಅಲ್ಲಿ ಎಲ್ಲರೂ ಮನೆಯ ಬಟ್ಟೆಯಲ್ಲಿರುತ್ತಾರೆ. ದೀಪ ಹಾಕಿ, ಗೌನು ತೊಟ್ಟು, ಸಾಲಾಗಿ ಅವರು ಬರುವುದನ್ನು ಕೆಳಗೆ ಕೂತು ನೋಡಲು ನನಗೆ ಶಕ್ತಿಯಿಲ್ಲ. ನೀನು ಕೇಳಿಕೊಂಡು ಬಾ, ಊಟಕ್ಕೆ ಕಾಯುತ್ತಿರುತ್ತೇನೆ.

ನಿನ್ನ ಅತ್ತೆ


ಫೆಬ್ರವರಿ 18, ರಾತ್ರಿ

ಅತ್ತೆ,

ನಿಮ್ಮ ಪತ್ರ ಓದಿ ನಾಲ್ಕು ಬಸ್ ಸ್ಟಾಪು ದಾಟಿಬಿಟ್ಟೆ, ವಾಪಸ್ ನಡ್ಕೊಂಡು ಬರ್ತಿದೀನಿ.

ಬನ್ನಿ ಅಂತ ಬಲವಂತ ಮಾಡಲ್ಲ. ನಿಮ್ಮನ್ನ ಬಲವಂತ ಮಾಡಿ ಗೆದ್ದೋರು ಯಾರೂ ಇಲ್ಲ. ನಾನು ಏನು ಮಾಡಿದೆ ಅಂತಷ್ಟೇ ಹೇಳ್ತೀನಿ. ಮುಂದಿನ ಸಾಲಿನ ಟಿಕೆಟ್ಟು ವಾಪಸ್ ಕೊಟ್ಟು ಎರಡು ಟಿಕೆಟ್ಟು ತಗೊಂಡೆ. ಕಟ್ಟಕಡೆಯ ಸಾಲು, ಬಾಗಿಲ ಪಕ್ಕ. ಹಿಂದೆ ಯಾರೂ ಇರಲ್ಲ, ಗೋಡೆ. ನೀವು ಬಂದು ಐದು ನಿಮಿಷ ಕೂತು ಎದ್ದು ಹೋದ್ರೂ ಯಾರ ಮಂಡಿಗೂ ತಾಗಲ್ಲ. ಬರದೇ ಇದ್ರೆ ಆ ಸೀಟಲ್ಲಿ ನನ್ನ ಕೋಟು ಕೂತ್ಕೊಳ್ಳುತ್ತೆ.

ಇನ್ನೊಂದು. ಸಭೆಯಲ್ಲಿ ಕೂತು ಕೇಳೋದು ಹೇಗೆ ಅಂತ ನಂಗೆ ನಿಜವಾಗ್ಲೂ ಗೊತ್ತಿಲ್ಲ. ಎಲ್ಲಿ ಚಪ್ಪಾಳೆ ತಟ್ಟಬೇಕು, ಕೆಮ್ಮು ಬಂದ್ರೆ ಏನು ಮಾಡ್ಬೇಕು? ಪಿಯಾನೊ ತಳ್ಳೋಕೆ ಎದ್ದುಬಿಟ್ರೆ ಕಷ್ಟ.

ಬುಗುರಿ


ಮಾರ್ಚ್ 4

ಬುಗುರಿ,

ಚಪ್ಪಾಳೆ ಕೊನೆಗೆ ಮಾತ್ರ. ಮೇಡಂ ಕೈ ಕೆಳಗಿಳಿಸಿ, ಭುಜ ಸಡಿಲ ಬಿಟ್ಟ ಮೇಲೆ. ಕೆಮ್ಮು ಬಂದರೆ ತುತ್ತೂರಿ ಬರುವವರೆಗೆ ತಡೆದುಕೋ.

ಆ ಹಸಿರು ಕೋಟು ಹಾಕಿಕೊಂಡು ಬರಬೇಡ, ತೋಳು ಗಿಡ್ಡ. ಬೇರೆ ಇಲ್ಲದಿದ್ದರೆ ಬಂದ ದಿನ ತೋಳಿನ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡುತ್ತೇನೆ.

ಬರುತ್ತೇನೆಂದು ನಾನು ಹೇಳಿಲ್ಲ.

ಅತ್ತೆ


ಮಾರ್ಚ್ 23, ರೈಲಿನಲ್ಲಿ

ಅತ್ತೆ,

ಎದುರಿಗೆ ಕೂತಿರೋರು ಮಲಗಿದಾರೆ, ಅದಕ್ಕೇ ಪಿಸುಮಾತಲ್ಲಿ ಹೇಳ್ತಿದೀನಿ. ನೆನ್ನೆ ಊಟ ಮಾಡ್ತಾ ನೀವು ಕೋಟಿನ ತೋಳಿನ ವಿಷಯ ಬಿಟ್ಟು ಬೇರೇನೂ ಮಾತಾಡೋಕೆ ಬಿಡ್ಲಿಲ್ಲ. ಈಗ ಹೇಳ್ತೀನಿ, ತಡೆಯೋಕೆ ನೀವಿಲ್ಲ.

ನೀವು ಬಾಗಿಲಲ್ಲಿ ನನ್ನ ಕೈಗೂ ಒಂದು ಹಾಳೆ ಕೊಟ್ರಿ, ಗುರುತಿಲ್ಲದವರ ಹಾಗೆ "ಒಳಗೆ ಹೋಗಿ ಸಾರ್" ಅಂದ್ರಿ. ಬಾಗಿಲು ಹಾಕಿದ್ರು. ದೀಪ ಆರಿಸಿದ್ರು. ಪಕ್ಕದ ಸೀಟಲ್ಲಿ ಕೋಟು. ಅವರೆಲ್ಲ ಕಪ್ಪು ಗೌನಲ್ಲಿ ಸಾಲಾಗಿ ಬಂದು ಕೂತ್ರು. ಐದನೇ ಕುರ್ಚಿ ಕಡೆ ನೋಡಬಾರದು ಅಂತ ಕೈಯಲ್ಲಿದ್ದ ಹಾಳೆ ನೋಡ್ತಿದ್ದೆ. ವಾದ್ಯಗಳು ಶುರುವಾದ್ವು. ನೀವು ಮನೆ ದಾರಿ ಹಿಡಿದಿರ್ತೀರಿ ಅಂದ್ಕೊಂಡೆ. ಆಗ ಬಾಗಿಲು ಒಂದು ಗೇಣು ತೆಗೀತು. ಉಳಿದ ಹಾಳೆಗಳನ್ನ ಎದೆಗವಚಿಕೊಂಡು ನೀವು ನನ್ನ ಕೋಟು ಎತ್ತಿ ನನ್ನ ತೊಡೆ ಮೇಲೆ ಹಾಕಿ ಕೂತ್ರಿ. ನನ್ನ ಕಡೆ ನೋಡ್ಲಿಲ್ಲ. ನಾನೂ ನೋಡ್ಲಿಲ್ಲ.

ಮೊದಲ ಭಾಗ ಮುಗೀತು. ಮೇಡಂ ಎಡಗೈ ಅಂಗೈ ಮೇಲೆ ಮಾಡಿ ಎತ್ತಿದ್ರು. ಅಲ್ಲಿ ಇಡೀ ವೃಂದ ಎದ್ದು ನಿಲ್ತು. ಇಲ್ಲಿ ನೀವೂ ಎದ್ದು ನಿಂತ್ರಿ.

ಅತ್ತೆ, ಆ ಕ್ಷಣ ನಿಮ್ಮ ಮುಖ ನಾನು ನೋಡಿದೆ. ನೀವು ಎದ್ದಿದೀರಿ ಅಂತ ನಿಮಗೇ ಗೊತ್ತಿರ್ಲಿಲ್ಲ. ಹಾಳೆಗಳನ್ನ ಎರಡೂ ಕೈಯಲ್ಲಿ ಹಾಡಿನ ಪುಸ್ತಕದ ಹಾಗೆ ಹಿಡಿದಿದ್ರಿ. ನಿಮ್ಮ ಮುಂದೆ ಆರುನೂರು ಜನ ಕೂತಿದ್ರು, ನಿಂತಿದ್ದೋರು ನೀವೊಬ್ಬರೇ. ಗೊತ್ತಾಗೋಕೆ ಮುಂಚೆ ಏನಾದ್ರೂ ಮಾಡಬೇಕಿತ್ತು. ನನ್ನ ಕಾಲಿಗೆ ಏನು ಹೊಳೀತೋ, ತೊಡೆ ಮೇಲಿದ್ದ ಕೋಟನ್ನ ಕೈಮೇಲೆ ಹಾಕ್ಕೊಂಡು ನಾನೂ ಎದ್ದೆ. ಬಾಗಿಲ ಹತ್ರ ಇದ್ದ ಹುಡುಗಿ ಕೂರಿ ಅಂತ ಕೈ ಮಾಡಿದ್ಲು. ಹಿಂದೆ ಗೋಡೆ ತೋರಿಸಿದೆ. ಕೈ ಇಳಿಸಿದ್ಲು.

ಹಾಡು ನೀವು ಬರೆದ ಹಾಗೇ ಇತ್ತು. ಲೈನಿಂಗು, ದೀಪ, ಸೂರಿನ ಹತ್ರದ ಎಳೆ, ಎಲ್ಲ. ಆದ್ರೆ ನಂಗೆ ಅದಕ್ಕಿಂತ ಹತ್ತಿರದಲ್ಲಿ ಇನ್ನೊಂದು ಕೇಳಿಸ್ತು. ನೀವು ಬಾಯಿ ತೆಗೀಲಿಲ್ಲ, ಒಂದು ಸ್ವರ ಹೊರಡಿಸ್ಲಿಲ್ಲ. ಆದ್ರೆ ಆಲ್ಟೊ ಶುರುವಾಗೋ ಪ್ರತಿ ಸಲ, ಅವರಿಗಿಂತ ಒಂದು ಚೂರು ಮುಂಚೆ, ನೀವು ಮೂಗಲ್ಲಿ ಉಸಿರು ಎಳ್ಕೊಳ್ತಿದ್ರಿ. ನಿಧಾನವಾಗಿ ಬಿಡ್ತಿದ್ರಿ, ಅವರ ಸಾಲು ಮುಗಿಯೋವರೆಗೂ. ಎಲ್ಲೂ ಅಲುಗಾಡ್ಲಿಲ್ಲ. ನಾನು ಎಣಿಸಿದೆ. ಒಂದು ಕಡೆ ಹದಿನಾಲ್ಕು ಬಂತು.

ಇಡೀ ಸಭೇಲಿ ಅದು ಕೇಳಿದ್ದು ನನಗೊಬ್ಬನಿಗೇ. ನಿಮ್ಮನ್ನ ಕೇಳೋಕೆ ಬಂದಿದ್ದೆ, ಕೇಳಿದೆ.

ಮೇಲ್ವಿಚಾರಕರಿಗೆ ಈಗಷ್ಟೇ ಮೆಸೇಜು ಹಾಕಿದೆ, ಇನ್ನೊಂದು ವರ್ಷ ಇರ್ತೀನಿ ಅಂತ.

ನಿಮ್ಮ ಬುಗುರಿ


ಮಾರ್ಚ್ 29

ಬುಗುರಿ,

ನಿಂತದ್ದನ್ನು ಯಾರಿಗೂ ಹೇಳಬೇಡ ಎಂದು ಬರೆಯಲು ಕೂತೆ, ಅಷ್ಟರಲ್ಲಿ ತಡವಾಗಿತ್ತು. ಚಷ್ಮಾ ಅಂಗಡಿಯವಳಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ. ಮಂಗಳವಾರ ನಾನು ಹಾಜರಿ ಪುಸ್ತಕ ತೆರೆಯುವ ಮೊದಲೇ ಎಲ್ಲರೆದುರು "ಈ ಸಲ ಆಲ್ಟೊ ಇಪ್ಪತ್ಮೂರು ಜನ" ಅಂದಳು. ಬ್ಯಾಂಕಿನ ಹುಡುಗಿ ಬಂದು, ಮೂರನೇ ಭಾಗದಲ್ಲಿ ತನಗೆ ಉಸಿರು ಸಾಲುವುದಿಲ್ಲ, ಎಲ್ಲಿ ತೆಗೆದುಕೊಳ್ಳಬೇಕೆಂದು ತೋರಿಸಿಕೊಡುತ್ತೀರಾ ಎಂದು ಕೇಳಿದಳು. ಗುರುವಾರ ಅಂಗಡಿಗೆ ಬಾ ಅಂದೆ. ಬಂದಿದ್ದಳು. ಇನ್ನು ಪ್ರತಿ ಗುರುವಾರ ಬರುತ್ತಾಳಂತೆ.

ನೀನು ಬರೆದದ್ದರಲ್ಲಿ ಒಂದು ತಪ್ಪಿದೆ. ನಾನು ಎದ್ದದ್ದು ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಎರಡು ಸಾಲು ಮುಗಿಯುವಷ್ಟರಲ್ಲಿ ಗೊತ್ತಾಯಿತು. ಮುಂದೆಲ್ಲ ಬರೀ ತಲೆಗಳು. ಕೂತುಬಿಡೋಣ, ಬಗ್ಗಿಕೊಂಡು ಹೊರಗೆ ಹೋಗಿಬಿಡೋಣ ಎಂದು ಕುರ್ಚಿಯ ಕೈಗಾಗಿ ತಡಕಾಡಿದೆ.

ಅದರ ಬದಲು ನಿನ್ನ ಕೋಟಿನ ಗಿಡ್ಡ ತೋಳು ಕೈಗೆ ಸಿಕ್ಕಿತು. ನೀನು ನಿಂತಿದ್ದೆ.

ಅತ್ತೆ